ಬೆಳಕು ಕಮ್ಮಿ, ಸಲಹೆ ಜಾಸ್ತಿ

ಆಟಿ ತಿಂಗಳ ಒಂದು ಚಿತ್ರವನ್ನು ಊಹಿಸಿಕೊಳ್ಳೋಣ. ಸುಳ್ಯ ತಾಲೂಕಿನ ಮರ್ಕಂಜ, ಅಡಿಕೆ ತೋಟ. ಮಳೆ ಹೊಳವಾಗಿ ಸ್ವಲ್ಪ ಹೊತ್ತಾಗಿದೆ. ಅಡಿಕೆ ಮರದ ಬೂದು ಕಾಂಡದ ಮೇಲೆ ಹಾರುವ ಓತಿಯೊಂದು ಗಂಟಲಡಿಯ ನಿಂಬೆಹಳದಿ ಚರ್ಮವನ್ನು ಬಿಚ್ಚಿ, ಮಡಚಿ, ಮತ್ತೆ ಬಿಚ್ಚುತ್ತಿದೆ. ತೇಜಸ್ವಿಯವರ ‘ಕರ್ವಾಲೊ’ ಓದಿದ ಬಯಲುಸೀಮೆಯವರಿಗೆ ಈ ಪ್ರಾಣಿ ದೊಡ್ಡ ಕೌತುಕ. ಇಲ್ಲಿನ ತೋಟದವರಿಗೆ ಬೆಳಗಾದರೆ ಕಾಣುವ ನೆರೆಯವ. ತೋಟದ ಮನೆಯ ಹುಡುಗಿ, ಸುಳ್ಯದಲ್ಲಿ ಕಾಲೇಜಿಗೆ ಹೋಗುವವಳು, ಒಳಗಿಂದ ಕ್ಯಾಮೆರಾ ತಂದು ಕ್ಲಿಕ್ ಮಾಡುತ್ತಾಳೆ. ಬಂದ ಚಿತ್ರದಲ್ಲಿ ಓತಿ ಮಸುಕು, ಕಾಂಡವೆಲ್ಲ ಮರಳು ಮರಳು, ಸೋಗೆಗಳ ಸಂದಿಯ ಆಕಾಶ ಮಾತ್ರ ಅಚ್ಚ ಬಿಳಿ.

ಅದನ್ನು ಅವಳು ಫೋಟೊಗ್ರಫಿ ಬಲ್ಲ ನಾಲ್ಕು ಜನರಿಗೆ ತೋರಿಸುತ್ತಾಳೆ. ಒಬ್ಬರು ‘ಸೂಪರ್’ ಅನ್ನುತ್ತಾರೆ. ಇನ್ನೊಬ್ಬರು ‘ಕಿಟ್ ಲೆನ್ಸ್ ಅಲ್ವಾ, ಅದ್ರಲ್ಲಿ ಇಷ್ಟೇ ಬರೂದು’ ಅನ್ನುತ್ತಾರೆ. ‘ಫುಲ್ ಫ್ರೇಮ್ ತಕ್ಕೊ ಮಾರಾಯ್ತಿ, ಮತ್ತೆ ಮಾತಾಡುವ’ ಎಂಬುದು ಮೂರನೆಯವರ ಮಾತು. ನಾಲ್ಕನೆಯವರು ‘ಕಂಪೋಸಿಷನ್ ವೀಕ್’ ಎಂದು ಮುಗಿಸುತ್ತಾರೆ. ನಾಲ್ವರೂ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ನಾಳೆ ಬೆಳಿಗ್ಗೆ ಅದೇ ಮರದ ಬುಡದಲ್ಲಿ ಅವಳು ಏನನ್ನು ಬೇರೆ ರೀತಿ ಮಾಡಬೇಕು ಎಂಬುದಕ್ಕೆ ಈ ನಾಲ್ಕರಲ್ಲಿ ಒಂದರಲ್ಲೂ ಉತ್ತರವಿಲ್ಲ. ಹವ್ಯಾಸಿಗಳ ನಡುವೆ ಓಡಾಡುವ ಸಲಹೆಗಳಲ್ಲಿ ಹೆಚ್ಚಿನವು ಹೀಗೇ ಇರುತ್ತವೆ ಎಂಬುದು ನನ್ನ ಅಭಿಪ್ರಾಯ. ಚಿತ್ರ ಯಾಕೆ ಕೆಟ್ಟಿತು ಎಂಬ ಸಾಕ್ಷ್ಯ ಚಿತ್ರದೊಳಗೇ ಬಿದ್ದಿರುತ್ತದೆ. ಅದನ್ನು ಓದುವ ಮೊದಲೇ ಅಂಗಡಿಯ ದಾರಿ ತೋರಿಸುತ್ತೇವೆ.

ಮಸುಕಿನ ಜಾತಿಗಳು

ಎಲ್ಲ ಮಸುಕೂ ಒಂದೇ ಅಲ್ಲ. ಓತಿಯ ಜೊತೆಗೆ ಕಾಂಡದ ಮೇಲಿನ ಕಲ್ಲುಹೂವು, ಹಿಂದಿನ ಸೋಗೆ, ಎಲ್ಲವೂ ಒಂದೇ ದಿಕ್ಕಿಗೆ ಎಳೆದುಕೊಂಡಿದ್ದರೆ ಅಲುಗಿದ್ದು ಕೈ. ಕಲ್ಲುಹೂವು ಚೆನ್ನಾಗಿ ಬಂದು ಓತಿಯ ಗಂಟಲಚೀಲ ಮಾತ್ರ ಕಲಸಿಹೋಗಿದ್ದರೆ ಅಲುಗಿದ್ದು ಓತಿ. ಓತಿ ಮಸುಕಾಗಿ ಅದರ ಹಿಂದಿನ ಮರ ಸ್ಪಷ್ಟವಾಗಿದ್ದರೆ ಯಾರೂ ಅಲುಗಿಲ್ಲ, ಫೋಕಸ್ ಹಿಂದಿನ ಮರಕ್ಕೆ ಹೋಗಿದೆ. ಎಲ್ಲೂ ಗೆರೆ ಎಳೆದುಕೊಂಡಿಲ್ಲ, ಆದರೆ ಚರ್ಮದ ಹುರುಪೆಗಳೆಲ್ಲ ಮೇಣ ಸವರಿದಷ್ಟು ನುಣುಪಾಗಿದ್ದರೆ ಕ್ಯಾಮೆರಾದ ಅಥವಾ ಫೋನಿನ ಒಳಗಿನ ತಂತ್ರಾಂಶ ಮರಳನ್ನು ಅಳಿಸಲು ಹೋಗಿ ವಿವರವನ್ನೂ ಅಳಿಸಿದೆ. ಇಡೀ ಚಿತ್ರಕ್ಕೆ ಮಂಜಿನ ತೆರೆ ಬಿದ್ದು, ಬೆಳಕಿನ ಅಂಚುಗಳಲ್ಲಿ ಹೊಳಪು ಸೋರಿದ್ದರೆ ಮೊದಲು ಲೆನ್ಸನ್ನೇ ತಿರುಗಿಸಿ ನೋಡಬೇಕು. ಈ ಊರಿನಲ್ಲಿ ಅದಕ್ಕೆ ಬಲವಾದ ಕಾರಣವಿದೆ, ಮುಂದೆ ಹೇಳುತ್ತೇನೆ.

ಕೈ ಅಲುಗಿದ್ದಕ್ಕೆ ಲೆನ್ಸಿನೊಳಗಿನ ಸ್ಟೆಬಿಲೈಸೇಷನ್ ಮದ್ದಾದೀತು. ಓತಿ ಅಲುಗಿದ್ದಕ್ಕೆ ಅದರಿಂದ ಏನೂ ಆಗದು. ಶಟರ್ ವೇಗವೇ ಬೇಕು. ಫೋಕಸ್ ತಪ್ಪಿದ್ದಕ್ಕೆ ಎರಡೂ ಬೇಡ, ಫೋಕಸ್ ಬಿಂದುವನ್ನು ಒಂದಕ್ಕೆ ಇಳಿಸಿ ಓತಿಯ ಕಣ್ಣಿನ ಮೇಲೆ ಇಟ್ಟರೆ ಸಾಕು, ಖರ್ಚು ಸೊನ್ನೆ. ರೋಗ ಬೇರೆಯಾದಾಗ ಮದ್ದಿನ ಬೆಲೆಯಲ್ಲಿ ಒಂದು ಲಕ್ಷದ ಅಂತರ ಬರುವ ಹವ್ಯಾಸ ಇದು.

ಚಿತ್ರದ ಫೈಲಿನೊಳಗೆ ಕ್ಯಾಮೆರಾ ತಾನೇ ಶಟರ್, ಅಪರ್ಚರ್, ಐಎಸ್‌ಒ, ಫೋಕಲ್ ದೂರ ಎಲ್ಲವನ್ನೂ ಬರೆದಿಟ್ಟಿರುತ್ತದೆ. ಇದಕ್ಕೆ ಎಕ್ಸಿಫ್ ಎನ್ನುತ್ತಾರೆ. ಸಲಹೆ ಕೊಡುವವರು ಮೊದಲು ಕೇಳಬೇಕಾದ್ದು ಇದನ್ನು. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿ ಫೋಟೊ ಆಗಿ ಕಳಿಸಿದರೆ ಈ ದಾಖಲೆ ಅಳಿಸಿಹೋಗುತ್ತದೆ, ಚಿತ್ರವೂ ಕುಗ್ಗುತ್ತದೆ. ಹಾಗೆ ಬಂದ ಚಿತ್ರವನ್ನು ಹಿಗ್ಗಿಸಿ ನೋಡಿ ‘ಶಾರ್ಪ್ ಇಲ್ಲ’ ಎಂದು ತೀರ್ಪು ಕೊಡುವವರು ವಾಟ್ಸ್ಆ್ಯಪ್‌ನ ಕೆಲಸಕ್ಕೆ ತೀರ್ಪು ಕೊಡುತ್ತಿರುತ್ತಾರೆ. ‘ಡಾಕ್ಯುಮೆಂಟ್’ ಆಗಿ ಕಳಿಸು ಎನ್ನುವುದೇ ಒಳ್ಳೆಯ ಮೊದಲ ಪ್ರತಿಕ್ರಿಯೆ.

ತೋಟದ ಲೆಕ್ಕ

ಹುಡುಗಿಯ ಫೈಲಿನಲ್ಲಿ ಹೀಗಿದೆ ಎಂದಿಟ್ಟುಕೊಳ್ಳಿ: ಲೆನ್ಸ್ 200 ಮಿಲಿಮೀಟರ್, ಅಪರ್ಚರ್ ಎಫ್ 5.6, ಶಟರ್ 1/250 ಸೆಕೆಂಡ್, ಐಎಸ್‌ಒ 3200. ಕ್ಯಾಮೆರಾ ಯಾಕೆ 3200ಕ್ಕೆ ಏರಿತು?

ನಡುಹಗಲಿನ ಬಯಲು ಬಿಸಿಲಿಗೆ ಛಾಯಾಗ್ರಾಹಕರು ಒಂದು ಹಳೆಯ ಸೂತ್ರ ಇಟ್ಟುಕೊಂಡಿದ್ದಾರೆ: ಎಫ್ 16, ಐಎಸ್‌ಒ 100, ಶಟರ್ ಸುಮಾರು 1/125. ಆಟಿಯ ದಟ್ಟ ಮೋಡ ಅಂಗಳಕ್ಕೆ ಬೀಳುವ ಬೆಳಕನ್ನು ಸುಲಭವಾಗಿ ಎಂಟನೇ ಒಂದಕ್ಕೆ ಇಳಿಸುತ್ತದೆ. ಅಲ್ಲಿಂದ ತೋಟಕ್ಕೆ ಇಳಿಯಿರಿ. ಮೇಲೆ ಅಡಿಕೆ ಸೋಗೆ, ನಡುವೆ ಮರಕ್ಕೆ ಹಬ್ಬಿದ ಕರಿಮೆಣಸು, ಕೆಳಗೆ ಕೊಕ್ಕೊ, ಬಾಳೆ. ಉಳಿದದ್ದರಲ್ಲಿ ಹದಿನಾರನೇ ಒಂದು ಪಾಲು ಓತಿಯ ಮೈಗೆ ತಾಗಿದರೆ ಹೆಚ್ಚು. ಎರಡನ್ನೂ ಗುಣಿಸಿದರೆ ಬಿಸಿಲಿನ 128ನೇ ಒಂದು ಭಾಗ. ನಮ್ಮ ಕಣ್ಣು ಇದಕ್ಕೆ ಎಷ್ಟು ಬೇಗ ಹೊಂದಿಕೊಳ್ಳುತ್ತದೆಂದರೆ ತೋಟ ‘ಸ್ವಲ್ಪ ತಂಪಾಗಿದೆ’ ಅನ್ನಿಸುತ್ತದೆಯೇ ಹೊರತು ಕತ್ತಲೆ ಅನ್ನಿಸುವುದಿಲ್ಲ. ಆ ಬೆಳಕಿನಲ್ಲಿ ಎಫ್ 5.6, ಐಎಸ್‌ಒ 100 ಇಟ್ಟರೆ ಶಟರ್ 1/8 ಸೆಕೆಂಡ್ ತೆರೆದಿರಬೇಕು. ಅದನ್ನು 1/250ಕ್ಕೆ ತರಲು ಐದು ಸಲ ಅರ್ಧಿಸಬೇಕು. ಛಾಯಾಗ್ರಾಹಕರ ಮಾತಿನಲ್ಲಿ ಐದು ಸ್ಟಾಪ್. ಐಎಸ್‌ಒ 100, 200, 400, 800, 1600, 3200. ಕ್ಯಾಮೆರಾದ ತಪ್ಪು ಇಲ್ಲ, ಹುಡುಗಿಯದೂ ಇಲ್ಲ.

ಮರಳಿನ ಕಥೆಯೂ ಇದರದೇ ಮುಂದುವರಿಕೆ. ಬೆಳಕು ಫೋಟಾನ್‌ಗಳಾಗಿ ಬರುತ್ತದೆ, ಸಮವಾಗಿ ಬೀಳದೆ, ಮಳೆಹನಿಗಳ ಹಾಗೆ ಚದುರಿ. ಸರಾಸರಿ ಎಷ್ಟು ಫೋಟಾನ್ ಎಣಿಸುತ್ತೇವೋ ಅದರ ವರ್ಗಮೂಲದಷ್ಟು ಏರಿಳಿತ ಇದ್ದೇ ಇರುತ್ತದೆ. ಕಾಂಡದ ಒಂದು ಪಿಕ್ಸೆಲ್‌ನಲ್ಲಿ 6,400 ಫೋಟಾನ್ ದಾಖಲಾದರೆ ಏರಿಳಿತ 80, ಅಂದರೆ ಶೇ. 1.25, ಕಣ್ಣಿಗೆ ಗೊತ್ತಾಗದು. ಐದು ಸ್ಟಾಪ್ ಕಮ್ಮಿ ಬೆಳಕಿನಲ್ಲಿ ಅದೇ ಪಿಕ್ಸೆಲ್‌ಗೆ 200 ಸಿಕ್ಕಿದರೆ ಏರಿಳಿತ 14, ಅಂದರೆ ಶೇ. 7. ಪಕ್ಕಪಕ್ಕದ ಪಿಕ್ಸೆಲ್‌ಗಳು ಒಂದೇ ಬಣ್ಣದ ಕಾಂಡವನ್ನು ನೋಡುತ್ತಿದ್ದರೂ ಒಂದು ಹೆಚ್ಚು, ಒಂದು ಕಡಿಮೆ ಹೇಳುತ್ತವೆ. ಮರಳು ಅಂದರೆ ಇದೇ. ಐಎಸ್‌ಒ ಹೆಚ್ಚಿಸಿದ್ದರಿಂದ ಮರಳು ಬಂತು ಎನ್ನುವುದು ರೂಢಿಯ ಮಾತು. ಬೆಳಕು ಸಾಲದ್ದರಿಂದ ಮರಳು ಬಂತು, ಐಎಸ್‌ಒ ಅದನ್ನು ಹಿಗ್ಗಿಸಿ ತೋರಿಸಿತು ಅಷ್ಟೆ. ಎಷ್ಟೇ ದುಬಾರಿ ಸೆನ್ಸರ್ ಬಂದರೂ ಈ ವರ್ಗಮೂಲವನ್ನು ದಾಟಲಾರದು.

ಹಾಗಾದರೆ ‘ಫುಲ್ ಫ್ರೇಮ್ ತಕ್ಕೊ’ ಎಂದವರ ಮಾತು? ಫುಲ್ ಫ್ರೇಮ್ ಸೆನ್ಸರಿನ ವಿಸ್ತೀರ್ಣ 36 ಗುಣಿಸು 24, ಅಂದರೆ 864 ಚದರ ಮಿಲಿಮೀಟರ್. ಹುಡುಗಿಯ ಕೈಯಲ್ಲಿರುವ ಸಾಧಾರಣ ಎಪಿಎಸ್‌-ಸಿ ಕ್ಯಾಮೆರಾದ್ದು ಸುಮಾರು 367. ಎರಡೂಕಾಲು ಪಟ್ಟಿಗಿಂತ ತುಸು ಹೆಚ್ಚು ಬೆಳಕು, ಒಂದು ಸ್ಟಾಪಿಗೆ ಚಿಲ್ಲರೆ ಸೇರಿಸಿದಷ್ಟು ಲಾಭ. ಅದೂ ಸುಮ್ಮನೆ ಸಿಗುವುದಿಲ್ಲ. ಓತಿ ಚೌಕಟ್ಟಿನಲ್ಲಿ ಅಷ್ಟೇ ದೊಡ್ಡದಾಗಿ ಕಾಣಬೇಕಾದರೆ 200ರ ಬದಲು 300 ಮಿಲಿಮೀಟರ್ ಲೆನ್ಸ್ ಬೇಕು, ಅದಕ್ಕೂ ದುಡ್ಡು. ಇತ್ತ, ಓತಿ ಗಂಟಲು ಬಿಚ್ಚಿ ಒಂದು ಕ್ಷಣ ಸುಮ್ಮನೆ ನಿಲ್ಲುವ ಹೊತ್ತಿಗೆ ಕಾದು, ಕ್ಯಾಮೆರಾವನ್ನು ಪಕ್ಕದ ಅಡಿಕೆ ಮರಕ್ಕೆ ಬಲವಾಗಿ ಒತ್ತಿಹಿಡಿದು, ಶಟರನ್ನು 1/250ರಿಂದ 1/60ಕ್ಕೆ ಇಳಿಸಿದರೆ ಎರಡು ಸ್ಟಾಪ್ ಲಾಭ. ಐಎಸ್‌ಒ 3200 ಇದ್ದದ್ದು 800ಕ್ಕೆ ಬರುತ್ತದೆ. ಲಕ್ಷ ರೂಪಾಯಿಗೆ ಒಂದು ಚಿಲ್ಲರೆ, ಮರಕ್ಕೆ ಒರಗಿದ್ದಕ್ಕೆ ಎರಡು. ಗಾಳಿ ಬೀಸುವಾಗ ಮರವೂ ತೂಗುತ್ತದೆ ಎಂಬುದನ್ನು ಮಾತ್ರ ಮರೆಯಬಾರದು. ಅಡಿಕೆ ಮರ ತೆಂಗಿನಷ್ಟು ಗಟ್ಟಿಯಲ್ಲ.

ಲೆನ್ಸಿನ ಉದ್ದದ ವಿಷಯದಲ್ಲೂ ತೋಟವೇ ಉತ್ತರ ಹೇಳುತ್ತದೆ. ಅಡಿಕೆ ಗಿಡ ನೆಡುವುದು ಸಾಮಾನ್ಯವಾಗಿ 9 ಅಡಿಗೊಂದರಂತೆ, ಅಂದರೆ 2.7 ಮೀಟರ್ ಅಂತರದಲ್ಲಿ. ನೀವು ಒಂದು ಮರಕ್ಕೆ ಒರಗಿ ನಿಂತರೆ ಮುಂದಿನ ಮರದ ಓತಿ ಅಷ್ಟೇ ದೂರ. ಬಾಲ ಸೇರಿ ಓತಿ ಸುಮಾರು ಒಂದು ಗೇಣು. 200 ಮಿಲಿಮೀಟರ್ ಲೆನ್ಸ್ ಅದನ್ನು ಎಪಿಎಸ್‌-ಸಿ ಸೆನ್ಸರಿನ ಮೇಲೆ ಸುಮಾರು 16 ಮಿಲಿಮೀಟರ್ ಉದ್ದಕ್ಕೆ ಮೂಡಿಸುತ್ತದೆ. ಸೆನ್ಸರಿನ ಉದ್ದವೇ ಇಪ್ಪತ್ತಮೂರೂವರೆ. ಮೂರರಲ್ಲಿ ಎರಡು ಪಾಲು ಓತಿಯೇ ತುಂಬಿತು. ಹುಡುಗಿಯ ಬಳಿ ಇರುವ ಅಗ್ಗದ ಜೂಮ್ ಲೆನ್ಸ್ ಸಾಕೇ ಸಾಕು. ಓತಿ ಹತ್ತು ಮೀಟರ್ ಮೇಲೆ ಸೋಗೆಯ ಬುಡದಲ್ಲಿದ್ದರೆ ಅದೇ ಲೆನ್ಸಿನಲ್ಲಿ 4 ಮಿಲಿಮೀಟರಿಗೆ ಇಳಿಯುತ್ತದೆ. ಆಗ 500 ಮಿಲಿಮೀಟರ್ ಲೆನ್ಸಿನ ಆಸೆ ಹುಟ್ಟುವುದು ಸಹಜ. ಆದರೆ ಓತಿ ದಿನವಿಡೀ ಮೇಲೇ ಕೂರುವುದಿಲ್ಲ. ಮರದಿಂದ ಮರಕ್ಕೆ ಜಾರುವಾಗ ಎತ್ತರ ಕಳಕೊಂಡು ಕೆಳಗೆ ಇಳಿಯುತ್ತದೆ, ಮತ್ತೆ ಹತ್ತುತ್ತದೆ. ಅದು ಇಳಿಯುವ ಮರ ಯಾವುದೆಂದು ತೋಟದವರಿಗೆ ಗೊತ್ತಿರುತ್ತದೆ. ಈ ಜ್ಞಾನ ಯಾವ ಅಂಗಡಿಯಲ್ಲೂ ಮಾರಾಟಕ್ಕಿಲ್ಲ, ಬೆಂಗಳೂರಿನಿಂದ ದೊಡ್ಡ ಲೆನ್ಸ್ ಹೊತ್ತು ಬರುವವರು ಅಸೂಯೆಪಡಬೇಕಾದ್ದು ಇದಕ್ಕೆ.

ಆಕಾಶ ಅಚ್ಚ ಬಿಳಿ, ಓತಿ ಕಪ್ಪು ಎಂಬುದು ಇನ್ನೊಂದು ದೂರು. ಕ್ಯಾಮೆರಾದ ಬೆಳಕಿನ ಮಾಪಕ ಸೋಗೆ ಸಂದಿಯ ಆಕಾಶವನ್ನು ನೋಡಿ ಬೆಚ್ಚಿ ಬೆಳಕನ್ನು ಕಡಿತ ಮಾಡಿದೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಗುಂಡಿ ತಿರುಗಿಸಿ ಒಂದು ಸ್ಟಾಪ್ ಹೆಚ್ಚಿಸಿದರೆ ಓತಿ ಬೆಳಗುತ್ತದೆ. ಇಲ್ಲವೇ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಆಕಾಶದ ಬದಲು ಮೆಣಸಿನ ಬಳ್ಳಿ ಹಿನ್ನೆಲೆಗೆ ಬರುವಂತೆ ನಿಂತರೂ ಆಯಿತು. ‘ಕಂಪೋಸಿಷನ್ ವೀಕ್’ ಎಂದವರ ಮನಸ್ಸಿನಲ್ಲಿ ಇದ್ದದ್ದು ಇದೇ ಇರಬೇಕು. ಹೇಳಿದ್ದರೆ ಚೆನ್ನಾಗಿತ್ತು.

ಮಳೆಗಾಲದ ಅಣಬೆ, ಕಪ್ಪೆ, ಜೇಡಗಳ ಹತ್ತಿರದ ಚಿತ್ರಗಳಿಗೆ ಬೇರೆಯದೇ ತೊಡಕು. ಅಣಬೆಯ ಕೊಡೆಯಿಂದ ಬುಡದವರೆಗೆ ಎಲ್ಲ ಸ್ಪಷ್ಟ ಬರಲಿ ಎಂದು ಮ್ಯಾಕ್ರೊ ಲೆನ್ಸನ್ನು ಎಫ್ 16ಕ್ಕೆ, ಎಫ್ 22ಕ್ಕೆ ಬಿಗಿಯುತ್ತಾರೆ. ಸಣ್ಣ ಕಿಂಡಿಯಲ್ಲಿ ನುಸುಳುವ ಬೆಳಕು ಹರಡಿಕೊಳ್ಳುತ್ತದೆ, ಒಂದು ಬಿಂದು ಒಂದು ಬಿಲ್ಲೆಯಾಗುತ್ತದೆ. ಎಫ್ 16ರಲ್ಲಿ ಹಸಿರು ಬೆಳಕಿನ ಆ ಬಿಲ್ಲೆಯ ಅಡ್ಡಳತೆ ಸುಮಾರು 21 ಮೈಕ್ರಾನ್. ವಸ್ತುವಿನ ಗಾತ್ರದಲ್ಲೇ ಚಿತ್ರ ಮೂಡುವಷ್ಟು ಹತ್ತಿರ ಹೋದಾಗ ಅದು ಇಮ್ಮಡಿಯಾಗುತ್ತದೆ. ಇಂದಿನ ಕ್ಯಾಮೆರಾದ ಪಿಕ್ಸೆಲ್ 4 ಮೈಕ್ರಾನ್ ಆಸುಪಾಸು. ಹತ್ತು ಪಿಕ್ಸೆಲ್ ಅಗಲಕ್ಕೆ ಹರಡಿದ ಬಿಂದುವನ್ನು ನೋಡಿ ‘ನಿನ್ನ ಲೆನ್ಸ್ ಸಾಫ್ಟ್’ ಎಂದು ಹೇಳುವುದು ಲೆನ್ಸಿಗೆ ಮಾಡುವ ಅನ್ಯಾಯ. ಎಫ್ 8ಕ್ಕೆ ಬಂದು, ಬೆಳಕಿಗೆ ಒಂದು ಸಣ್ಣ ಫ್ಲ್ಯಾಶನ್ನೋ ಬಿಳಿ ಬೈರಾಸನ್ನೋ ಬಳಸಿಕೊಳ್ಳಲಿ. ಬೈರಾಸು ಹಿಡಿದು ನೆರಳಿನ ಕಡೆಗೆ ಬೆಳಕು ತಿರುಗಿಸಲು ಒಬ್ಬ ತಮ್ಮನೋ ತಂಗಿಯೋ ಇದ್ದರಾಯಿತು.

ಅಂಕ ಮತ್ತು ಮಾತು

ಹವ್ಯಾಸಿಗಳು ಒಬ್ಬರ ಚಿತ್ರವನ್ನು ಇನ್ನೊಬ್ಬರು ವಿಮರ್ಶಿಸುವ ಪರಂಪರೆ ಕರ್ನಾಟಕದಲ್ಲಿ ಹೊಸತಲ್ಲ. ಫೆಡರೇಷನ್ ಆಫ್ ಇಂಡಿಯನ್ ಫೋಟೋಗ್ರಫಿ 1953ರಲ್ಲಿ ಆರಂಭವಾದಾಗ ಅದರ ಹಿಂದಿದ್ದವರು ಬೆಂಗಳೂರಿನ ಡಾ. ಜಿ. ಥಾಮಸ್. ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಹುಟ್ಟಿದ್ದು 1971ರಲ್ಲಿ. ವನ್ಯಜೀವಿ ಛಾಯಾಗ್ರಹಣದಲ್ಲಿ ಟಿ. ಎನ್. ಎ. ಪೆರುಮಾಳ್ (1932–2017) ತಾವು ಒ. ಸಿ. ಎಡ್ವರ್ಡ್ಸ್ ಅವರಿಂದ ಕಲಿತು, ಆಮೇಲೆ ಒಂದೆರಡು ತಲೆಮಾರಿಗೆ ಗುರುವಾದರು. ಅವರ ಕಾಲದ ಕಷ್ಟವನ್ನು ಮೇಲಿನ ಲೆಕ್ಕದಿಂದಲೇ ಊಹಿಸಬಹುದು. ಆಗ ಹೆಸರುವಾಸಿಯಾಗಿದ್ದ ಕೊಡಾಕ್ರೋಮ್ ಬಣ್ಣದ ಫಿಲ್ಮಿನ ಸಂವೇದನೆ 64, ಅದಕ್ಕೂ ಹಿಂದೆ 25. ನಮ್ಮ ತೋಟದ ಬೆಳಕಿನಲ್ಲಿ 64ರ ಫಿಲ್ಮಿಗೆ ಎಫ್ 5.6ರಲ್ಲಿ ಸೆಕೆಂಡಿನ ಐದನೇ ಒಂದು ಭಾಗ ಬೇಕು. ಟ್ರೈಪಾಡ್, ಮರೆ, ಫ್ಲ್ಯಾಶ್, ಗಂಟೆಗಟ್ಟಲೆ ಕೂರುವ ತಾಳ್ಮೆ, ಇವೆಲ್ಲ ಆ ತಲೆಮಾರಿನ ಶಿಸ್ತಾಗಿ ಬೆಳೆದದ್ದು ಗುಣದಿಂದ ಮಾತ್ರವಲ್ಲ, ಫಿಲ್ಮಿನ ರಸಾಯನಶಾಸ್ತ್ರದ ಒತ್ತಾಯದಿಂದಲೂ ಹೌದು.

ಈ ಪರಂಪರೆಯ ಇನ್ನೊಂದು ಬಳುವಳಿ ಸಲೋನ್ ಸ್ಪರ್ಧೆ. ತೀರ್ಪುಗಾರರು ಪರದೆಯ ಮೇಲೆ ಚಿತ್ರ ನೋಡಿ ಕೆಲವೇ ಸೆಕೆಂಡುಗಳಲ್ಲಿ ಅಂಕ ಒತ್ತುತ್ತಾರೆ. ಅಂಕಗಳ ಮೊತ್ತ ಗೆರೆ ದಾಟಿದರೆ ‘ಆಯ್ಕೆ’. ಆಯ್ಕೆಗಳನ್ನು ಕೂಡಿಸುತ್ತ ಹೋದರೆ ಹೆಸರಿನ ಮುಂದೆ ಎಎಫ್‌ಐಎಪಿ, ಇಎಫ್‌ಐಎಪಿ ಎಂಬ ಬಿರುದಿನ ಅಕ್ಷರಗಳು. ಸಾವಿರಾರು ಚಿತ್ರಗಳನ್ನು ಸೋಸಲು ಬೇರೆ ದಾರಿ ಇಲ್ಲ ಎಂಬುದನ್ನು ಒಪ್ಪೋಣ. ಕಲಿಯುವವರಿಗೆ ಇದರಿಂದ ಏನು ಸಿಗುತ್ತದೆ ಎಂಬುದು ಬೇರೆ ಪ್ರಶ್ನೆ.

ರೂತ್ ಬಟ್ಲರ್ ಎಂಬ ಮನೋವಿಜ್ಞಾನಿ ಇಸ್ರೇಲಿನ ಶಾಲಾ ಮಕ್ಕಳ ಮೇಲೆ ಮಾಡಿದ ಒಂದು ಪ್ರಯೋಗವನ್ನು 1988ರಲ್ಲಿ ಪ್ರಕಟಿಸಿದರು. ಕೆಲವು ಮಕ್ಕಳಿಗೆ ಕೆಲಸದ ಬಗ್ಗೆ ಬರಹದ ಟಿಪ್ಪಣಿ ಮಾತ್ರ, ಕೆಲವರಿಗೆ ಅಂಕ ಮಾತ್ರ, ಇನ್ನು ಕೆಲವರಿಗೆ ಅಂಕ ಮತ್ತು ಟಿಪ್ಪಣಿ ಎರಡೂ. ಟಿಪ್ಪಣಿ ಮಾತ್ರ ಸಿಕ್ಕಿದವರ ಆಸಕ್ತಿಯೂ ಕೆಲಸವೂ ಮೇಲೇರಿತು. ಅಂಕ ಸಿಕ್ಕಿದವರದು ಏರಲಿಲ್ಲ. ಕುತೂಹಲದ ಸಂಗತಿ ಮೂರನೆಯ ಗುಂಪಿನದು: ಎರಡೂ ಸಿಕ್ಕಿದ್ದರಿಂದ ಎರಡರ ಲಾಭವೂ ಬರಬೇಕಿತ್ತು, ಆದರೆ ಅಂಕ ಬಂದ ಕಡೆ ಟಿಪ್ಪಣಿಗೆ ಬೆಲೆಯೇ ಉಳಿಯಲಿಲ್ಲ. ನಮ್ಮ ಮೊಬೈಲಿನ ಹೆಬ್ಬೆರಳು, ಹೃದಯದ ಗುರುತುಗಳೂ ಅಂಕಗಳೇ.

ಅದಕ್ಕಿಂತ ದೊಡ್ಡ ಆಘಾತ ಕೊಟ್ಟವರು ಅವ್ರಹಾಂ ಕ್ಲೂಗರ್ ಮತ್ತು ಏಂಜೆಲೋ ಡಿನಿಸಿ. 1996ರಲ್ಲಿ ಅವರು ಪ್ರತಿಕ್ರಿಯೆಯ ಪರಿಣಾಮ ಅಳೆದ ಹಳೆಯ ಅಧ್ಯಯನಗಳನ್ನೆಲ್ಲ ಗುಡ್ಡೆಹಾಕಿ, 607 ಅಳತೆಗಳನ್ನು ಒಟ್ಟಿಗೆ ವಿಶ್ಲೇಷಿಸಿದರು. ಸರಾಸರಿಯಲ್ಲಿ ಪ್ರತಿಕ್ರಿಯೆಯಿಂದ ಲಾಭವೇ. ಆದರೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ ಪ್ರತಿಕ್ರಿಯೆ ಪಡೆದ ಮೇಲೆ ಕೆಲಸ ಮೊದಲಿಗಿಂತ ಕೆಟ್ಟಿತ್ತು. ಅವರು ಕೊಟ್ಟ ವಿವರಣೆ ಹೀಗೆ: ಮಾತು ಗಮನವನ್ನು ಕೆಲಸದ ಕಡೆಗೆ ತಿರುಗಿಸಿದರೆ ಉಪಯೋಗ, ‘ನಾನು ಎಂಥವಳು’ ಎಂಬ ಕಡೆಗೆ ತಿರುಗಿಸಿದರೆ ನಷ್ಟ. ಹೊಗಳಿಕೆಯೂ ಇದಕ್ಕೆ ಹೊರತಲ್ಲ. ‘ನೀನು ಹುಟ್ಟು ಕಲಾವಿದೆ’ ಎಂದರೂ ‘ನಿನಗೆ ಕಣ್ಣೇ ಇಲ್ಲ’ ಎಂದರೂ ಕೇಳಿದವಳ ಗಮನ ಓತಿಯಿಂದ ತನ್ನ ಕಡೆಗೆ ಸರಿಯಿತು.

ಇದನ್ನೆಲ್ಲ ಇಟ್ಟುಕೊಂಡು ನಮ್ಮ ಹುಡುಗಿಗೆ ಹೇಗೆ ಹೇಳಬಹುದು? ಹೀಗೆ ಹೇಳಿದರೆ ನನಗೆ ಒಪ್ಪಿಗೆ: ‘ಕಲ್ಲುಹೂವು ಚೆಂದ ಬಂದಿದೆ, ಹಾಗಾಗಿ ನಿನ್ನ ಕೈ ಅಲುಗಿದ್ದಲ್ಲ. ಓತಿ ಗಂಟಲು ಬಿಚ್ಚುವ ಮಧ್ಯದಲ್ಲಿ ಒತ್ತಿದ್ದೀ, ಪೂರ್ತಿ ಬಿಚ್ಚಿದ ಮೇಲೆ ಒಂದು ಗಳಿಗೆ ನಿಲ್ಲಿಸ್ತದೆ, ಆಗ ಒತ್ತು. ಮರಕ್ಕೆ ಒರಗಿ 1/60ರಲ್ಲಿ ಹತ್ತು ತೆಗಿ, ಎರಡಾದ್ರೂ ಸಿಗ್ತದೆ. ಎಡಕ್ಕೆ ಸರಿದ್ರೆ ಹಿಂದೆ ಆಕಾಶ ಬರೂದಿಲ್ಲ. ಲೆನ್ಸ್ ಈಗ ಬೇಡ.’ ಇದರಲ್ಲಿ ಹೊಗಳಿಕೆ ಇಲ್ಲ, ತೆಗಳಿಕೆಯೂ ಇಲ್ಲ. ಕೇಳಿ ಮುಗಿದ ಕೂಡಲೇ ಅವಳು ತೋಟಕ್ಕೆ ಓಡಬಹುದು.

ಏನಕ್ಕೆ ತೆಗೆದದ್ದು?

ಅಲ್ಫ್ರೆಡ್ ಯಾರ್ಬುಸ್ ಎಂಬ ರಷ್ಯನ್ ವಿಜ್ಞಾನಿ ಕಣ್ಣಿನ ಚಲನೆಯನ್ನು ದಾಖಲಿಸುವ ಉಪಕರಣ ಕಟ್ಟಿ, ಇಲ್ಯಾ ರೇಪಿನ್ ಎಂಬ ಕಲಾವಿದನ ಒಂದು ಪ್ರಸಿದ್ಧ ವರ್ಣಚಿತ್ರವನ್ನು ನೋಡುಗನ ಮುಂದೆ ಇಟ್ಟ. ಬಹುಕಾಲದ ನಂತರ ಒಬ್ಬಾತ ಮನೆಗೆ ಮರಳಿ ಬಾಗಿಲಲ್ಲಿ ನಿಂತಿದ್ದಾನೆ, ಮನೆಯವರು ದಿಗಿಲುಗೊಂಡಿದ್ದಾರೆ. ಅದು ಆ ಚಿತ್ರ. ಸುಮ್ಮನೆ ನೋಡು ಎಂದಾಗ ಕಣ್ಣು ಒಂದು ಹಾದಿ ಹಿಡಿಯಿತು. ಇವರ ವಯಸ್ಸು ಎಷ್ಟಿರಬಹುದು ಎಂದು ಕೇಳಿದಾಗ ಮುಖದಿಂದ ಮುಖಕ್ಕೆ ಜಿಗಿಯಿತು. ಮನೆಯ ಸ್ಥಿತಿಗತಿ ಹೇಗಿದೆ ಎಂದಾಗ ಬಟ್ಟೆ, ಪೀಠೋಪಕರಣಗಳ ಮೇಲೆ ಓಡಾಡಿತು. ಚಿತ್ರ ಅದೇ, ಕಣ್ಣೂ ಅದೇ, ಪ್ರಶ್ನೆ ಬದಲಾದಾಗ ಕಂಡದ್ದು ಬದಲಾಯಿತು. ಯಾರ್ಬುಸನ ಪುಸ್ತಕ 1967ರಲ್ಲಿ ಇಂಗ್ಲಿಷಿಗೆ ಬಂದ ಮೇಲೆ ಈ ಗೀಚುಗೆರೆಗಳು ದೃಷ್ಟಿವಿಜ್ಞಾನದ ಪಠ್ಯಗಳಲ್ಲೆಲ್ಲ ಜಾಗ ಪಡೆದವು. ಚಿತ್ರ ಏನಕ್ಕೆ ತೆಗೆದದ್ದು ಎಂದು ಕೇಳದೆ ವಿಮರ್ಶೆಗೆ ಇಳಿಯುವವರು ತಮ್ಮದೇ ಒಂದು ಪ್ರಶ್ನೆಗೆ ಉತ್ತರ ಹುಡುಕುತ್ತಿರುತ್ತಾರೆ, ಬಹಳ ಸಲ ಸಲೋನಿನ ಪ್ರಶ್ನೆಗೆ.

ಮರ್ಕಂಜದಲ್ಲಿ ಇದು ಬರೀ ಕಲೆಯ ಮಾತಲ್ಲ. ಸಂಪಾಜೆ, ಅರಂತೋಡು, ಮರ್ಕಂಜ ಕಡೆಯ ತೋಟಗಳನ್ನು ಅಡಿಕೆಯ ಹಳದಿ ಎಲೆ ರೋಗ ವರ್ಷಗಳಿಂದ ತಿನ್ನುತ್ತಿದೆ. 1914ರಲ್ಲಿ ಕೇರಳದಲ್ಲಿ ಮೊದಲು ಗುರುತಿಸಿದ ರೋಗವಿದು. ಫೈಟೊಪ್ಲಾಸ್ಮಾ ಎಂಬ, ಜೀವಕೋಶಕ್ಕೆ ಗೋಡೆಯೇ ಇಲ್ಲದ ಸೂಕ್ಷ್ಮಜೀವಿಯಿಂದ ಬರುತ್ತದೆ, ಜಿಗಿಹುಳದ ಜಾತಿಯ ಒಂದು ಸಣ್ಣ ಕೀಟ ಅದನ್ನು ಹರಡುತ್ತದೆ. ಹೊರಸುತ್ತಿನ ಸೋಗೆಗಳ ಗರಿತುದಿಯಿಂದ ಹಳದಿ ಇಳಿಯುತ್ತ ಬರುತ್ತದೆ. ಆದರೆ ಪೋಷಕಾಂಶದ ಕೊರತೆಯಿಂದಲೂ ಸೋಗೆ ಹಳದಿಯಾಗುವುದುಂಟು. ಹಾಗಾಗಿ ವಿಟ್ಲದ ಅಥವಾ ಕಾಸರಗೋಡಿನ ಸಿಪಿಸಿಆರ್‌ಐ ಸಂಶೋಧನಾ ಸಂಸ್ಥೆಯ ವಿಜ್ಞಾನಿಗೆ ಫೋಟೊ ಕಳಿಸುವ ಕೃಷಿಕನ ಚಿತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಹಳದಿ ಯಾವ ಹಳದಿ, ಎಲ್ಲಿಂದ ಶುರುವಾಗಿದೆ ಎಂಬುದು.

ಅಲ್ಲೇ ಕ್ಯಾಮೆರಾ ಮೋಸ ಮಾಡುತ್ತದೆ. ಆಟೊ ವೈಟ್ ಬ್ಯಾಲೆನ್ಸ್‌ನ ಸರಳ ವಿಧಾನ ಒಂದು ನಂಬಿಕೆಯ ಮೇಲೆ ನಿಂತಿದೆ: ಲೋಕದ ಬಣ್ಣಗಳನ್ನೆಲ್ಲ ಕಲಸಿದರೆ ಬೂದು ಬಣ್ಣ ಬರಬೇಕು. ಚೌಕಟ್ಟಿನ ತುಂಬ ಹಳದಿ ಸೋಗೆ ಬಂದರೆ ಬೆಳಕೇ ಹಳದಿ ಎಂದು ತಿಳಿದು ನೀಲಿ ಬೆರೆಸುತ್ತದೆ, ರೋಗ ಮಾಸಿಹೋಗುತ್ತದೆ. ಚೌಕಟ್ಟಿನ ತುಂಬ ಹಸಿರಿದ್ದರೆ ನೇರಳೆಯ ಕಡೆಗೆ ತಳ್ಳುತ್ತದೆ. ಇಂದಿನ ಫೋನುಗಳು ಇದಕ್ಕಿಂತ ಜಾಣವಾಗಿದ್ದರೂ ತೋಟದ ಹಸಿರು ನೆರಳಿನಲ್ಲಿ ಎಡವುತ್ತವೆ. ವೈಟ್ ಬ್ಯಾಲೆನ್ಸನ್ನು ‘ಕ್ಲೌಡಿ’ಗೆ ಕಟ್ಟಿಹಾಕಿ, ಸೋಗೆಯ ಪಕ್ಕ ಒಂದು ಬಿಳಿ ಹಾಳೆ ಚಿತ್ರದೊಳಗೇ ಬರುವಂತೆ ಇಟ್ಟರೆ ನೋಡುವವರಿಗೆ ಒಂದು ಆಧಾರ ಸಿಗುತ್ತದೆ. ನೀಲಿ ಹಾಕಿ ಒಗೆದ ಪಂಚೆ ಬೇಡ, ಅದು ಬಿಳಿಯಲ್ಲ. ಇಂಥ ಚಿತ್ರಕ್ಕೆ ‘ಹಿನ್ನೆಲೆ ಗಲೀಜು, ಹಾಳೆ ತೆಗೆಯಬೇಕಿತ್ತು’ ಎಂದು ವಿಮರ್ಶಿಸಿದರೆ ಹೇಗಿರುತ್ತದೆ!

ರಾತ್ರಿಯ ಯಕ್ಷಗಾನ ಆಟದ ಚಿತ್ರಗಳಿಗೂ ಕಾರಣ ಹುಡುಕುವ ಇದೇ ಕ್ರಮ ಸಲ್ಲುತ್ತದೆ. ತೆಂಕುತಿಟ್ಟಿನ ರಂಗಸ್ಥಳದ ಫೋಟೊಗಳಲ್ಲಿ ಅಡ್ಡಡ್ಡ ಕಪ್ಪು ಪಟ್ಟಿ ಬಂದರೆ ‘ಸೆನ್ಸರ್ ಹೋಗಿದೆ’ ಎಂದು ಹೆದರಿಸುವವರಿದ್ದಾರೆ. ನಮ್ಮ ವಿದ್ಯುತ್ ಸೆಕೆಂಡಿಗೆ 50 ಆವರ್ತ. ಅಗ್ಗದ ಎಲ್‌ಇಡಿ ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಎಲೆಕ್ಟ್ರಾನಿಕ್ ಶಟರ್ ಸಾಲುಸಾಲಾಗಿ ಚಿತ್ರ ಓದುವಾಗ ದೀಪ ಕುಂದಿದ ಗಳಿಗೆಯ ಸಾಲುಗಳು ಕಪ್ಪಾಗುತ್ತವೆ. ಮೆಕ್ಯಾನಿಕಲ್ ಶಟರಿಗೆ ಬದಲಿಸಿ 1/100ಕ್ಕೆ ಇಟ್ಟರೆ ಪಟ್ಟಿ ಮಾಯ. ಆ ವೇಗದಲ್ಲಿ ದಿಗಿಣ ಮಸುಕಾಗುವುದು ಖಂಡಿತ, ವೇಷ ನಿಂತ ಗಳಿಗೆ ಹಿಡಿಯಬೇಕು. 50 ಮಿಲಿಮೀಟರ್, ಎಫ್ 1.8ರ ಅಗ್ಗದ ಲೆನ್ಸ್ ನಿಜಕ್ಕೂ ಬೆಲೆಬಾಳುವುದು ಇಲ್ಲಿ: ಕಿಟ್ ಲೆನ್ಸಿನ ಎಫ್ 5.6ಕ್ಕಿಂತ ಒಂಬತ್ತೂವರೆ ಪಟ್ಟು ಬೆಳಕು. ಓತಿಗೆ ಅದು ಉಪಯೋಗವಿಲ್ಲ, 2.7 ಮೀಟರಿನಿಂದ ಓತಿ ಸೆನ್ಸರಿನ ಮೇಲೆ 4 ಮಿಲಿಮೀಟರ್ ಆದೀತಷ್ಟೆ. ಭೂತಕೋಲದಲ್ಲಿ ಫ್ಲ್ಯಾಶ್ ಹಾಕಬಹುದೇ ಎಂಬ ಪ್ರಶ್ನೆಗೆ ಮಾತ್ರ ಭೌತಶಾಸ್ತ್ರದಲ್ಲಿ ಉತ್ತರವಿಲ್ಲ. ಮನೆಯ ಯಜಮಾನರನ್ನು ಕೇಳಬೇಕು, ಬೇಡ ಎಂದರೆ ಬೇಡ.

ಬೂಸ್ಟು

ಈ ಭಾಗದಲ್ಲಿ ಯಾರಾದರೂ ‘ಮೊದಲು ಏನು ಕೊಳ್ಳಲಿ’ ಎಂದು ಕೇಳಿದರೆ ನನ್ನ ಉತ್ತರ ಲೆನ್ಸೂ ಅಲ್ಲ, ಕ್ಯಾಮೆರಾವೂ ಅಲ್ಲ: ಗಾಳಿಯಾಡದ ಮುಚ್ಚಳದ ಒಂದು ಪ್ಲಾಸ್ಟಿಕ್ ಡಬ್ಬ, ಸಿಲಿಕಾ ಜೆಲ್, ತೇವಾಂಶ ತೋರಿಸುವ ಒಂದು ಪುಟ್ಟ ಮಾಪಕ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸರಾಸರಿ 3,500 ಮಿಲಿಮೀಟರಿಗೂ ಹೆಚ್ಚು ಮಳೆ, ಅದರ ಬಹುಪಾಲು ನಾಲ್ಕು ತಿಂಗಳಲ್ಲಿ. ಗಾಳಿಯ ತೇವಾಂಶ ಶೇ. 70 ಮೀರಿ ದಿನಗಟ್ಟಲೆ ನಿಂತರೆ ಶಿಲೀಂಧ್ರದ ಬೀಜಕಣಗಳು ಮೊಳೆಯುತ್ತವೆ. ಅವಕ್ಕೆ ಗಾಜು ಆಹಾರವಲ್ಲ. ಗಾಜಿನ ಮೇಲಿನ ಧೂಳು, ಬೆರಳಿನ ಜಿಡ್ಡು ಸಾಕು. ಬೆಳೆಯುತ್ತ ಅವು ಸ್ರವಿಸುವ ಆಮ್ಲ ಲೆನ್ಸಿನ ತೆಳು ಲೇಪನವನ್ನು, ಆಮೇಲೆ ಗಾಜನ್ನೇ ಕೊರೆಯುತ್ತದೆ. ಬೂಸ್ಟನ್ನು ಒರೆಸಬಹುದು, ಕೊರೆದ ಗುರುತನ್ನು ಒರೆಸಲಾಗದು. ಮೊದಲು ಹೇಳಿದ ಮಂಜಿನ ತೆರೆಗೆ ಇಲ್ಲಿನ ಕಾರಣ ಇದೇ.

ಅಡಿಕೆಗೆ ಮಹಾಳಿ, ಅಂದರೆ ಕೊಳೆರೋಗ, ಬಂದ ಮೇಲೆ ಬೋರ್ಡೋ ದ್ರಾವಣ ಬಿಟ್ಟು ಪ್ರಯೋಜನವಿಲ್ಲ, ಮಳೆ ಹಿಡಿಯುವ ಮೊದಲೇ ಮದ್ದು ಬಿಡಬೇಕು ಎಂಬುದು ಇಲ್ಲಿನ ಯಾವ ಕೃಷಿಕನಿಗೂ ಹೇಳಿಕೊಡಬೇಕಾದ ಮಾತಲ್ಲ. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ 1910ರಷ್ಟು ಹಿಂದೆಯೇ ಅಡಿಕೆಯ ಈ ಕೊಳೆರೋಗದ ಬಗ್ಗೆ ಬರೆದಿದ್ದರು. ಲೆನ್ಸಿನ ವಿಷಯವೂ ಅದೇ, ಮದ್ದು ಮೊದಲೇ ಬೇಕು. ಆದರೆ ತೋಟಕ್ಕೆ ಜೂನ್ ಮೊದಲೇ ಮದ್ದು ಬಿಡುವ ಮನೆಯಲ್ಲೇ ಕ್ಯಾಮೆರಾ ಚರ್ಮದ ಚೀಲದೊಳಗೆ, ಕಪಾಟಿನ ಮೂಲೆಯಲ್ಲಿ, ಸೋಣ ಕಳೆಯುವವರೆಗೆ ಮಲಗಿರುತ್ತದೆ. ಚರ್ಮದ ಚೀಲದಷ್ಟು ಒಳ್ಳೆಯ ಬೂಸ್ಟಿನ ತೊಟ್ಟಿಲು ಇನ್ನೊಂದಿಲ್ಲ.

ಡಬ್ಬದೊಳಗೆ ತೇವಾಂಶ ಶೇ. 40ರಿಂದ 50ರ ನಡುವೆ ನಿಂತರೆ ಸರಿ. ಸಿಲಿಕಾ ಜೆಲ್ ಬಣ್ಣ ಬದಲಿಸಿದಾಗ 110–120 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಕಾಯಿಸಿದರೆ ಮತ್ತೆ ಹೊಸತಾಗುತ್ತದೆ; ಅಡುಗೆಯ ಪಾತ್ರೆಯಲ್ಲಿ ಕಾಯಿಸುವುದು ಬೇಡ, ನೀಲಿ ಬಣ್ಣದ ಜೆಲ್‌ನಲ್ಲಿ ಕೋಬಾಲ್ಟ್ ಲವಣ ಇರುತ್ತದೆ. ಅಕ್ಕಿ ಡಬ್ಬದಲ್ಲಿ ಲೆನ್ಸ್ ಹುಗಿಯುವ ರೂಢಿಯೂ ಕೆಲವರಲ್ಲಿದೆ. ಅಕ್ಕಿ ತೇವ ಹೀರುವುದು ಅಲ್ಪ, ಬಿಡುವ ಹುಡಿ ಬಹಳ.

ಬಿಗಿ ಬಜೆಟ್ಟಿನವರಿಗೆ ಹಳೆಯ ಲೆನ್ಸ್ ಕೊಳ್ಳು ಎನ್ನುವುದು ಒಳ್ಳೆಯ ಸಲಹೆಯೇ, ಪರೀಕ್ಷೆ ಮಾಡುವ ಕ್ರಮವನ್ನೂ ಜೊತೆಗೆ ಹೇಳಿಕೊಟ್ಟರೆ. ಕತ್ತಲೆ ಕೋಣೆಯಲ್ಲಿ ಲೆನ್ಸಿನ ಹಿಂಬದಿಯಿಂದ ಮೊಬೈಲ್ ಟಾರ್ಚನ್ನು ಓರೆಯಾಗಿ ಹಾಯಿಸಿ, ಅಪರ್ಚರ್ ಪೂರ್ತಿ ತೆರೆದು, ಮುಂಬದಿಯಿಂದ ನೋಡಬೇಕು. ನಾಲ್ಕೈದು ಧೂಳಿನ ಕಣ ಕಂಡರೆ ಚಿಂತೆಯಿಲ್ಲ, ಚಿತ್ರದಲ್ಲಿ ಅದು ಕಾಣುವುದೇ ಇಲ್ಲ. ಗಾಜಿನ ಅಂಚಿನಿಂದ ನಡುವಿಗೆ ಕವಲೊಡೆಯುತ್ತ ಬರುವ ಬಿಳಿ ಎಳೆಗಳು ಕಂಡರೆ ಅದು ಬೂಸ್ಟು. ಅರ್ಧ ಬೆಲೆಗೆ ಕೊಟ್ಟರೂ ಅದು ಬೇಡ. ಈಗಾಗಲೇ ಕೊಂಡು ತಂದಾಗಿದ್ದರೆ, ಒಳ್ಳೆಯ ಲೆನ್ಸ್ ಇರುವ ಡಬ್ಬದೊಳಗೆ ಅದನ್ನು ಇಡಬೇಡಿ.